ಮೆಕ್‌ಗ್ರೆಗರ್ ಮನೆತನದ ಬೇರು ಹುಡುಕಿದ್ದು ಹೀಗೆ

ನನ್ನ ಗಂಡ ಸ್ಕಾಟ್‌ಲೆಂಡಿನವರು. ಅತ್ತೆಯ ತವರಿನವರು ಮೆಕ್‌ಗ್ರೆಗರ್‌ಗಳು. ಈ ಮನೆತನದ ಬೇರು ಹುಡುಕುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಆ ಹೆಸರು ಇಟ್ಟುಕೊಳ್ಳುವುದೇ ಒಂದು ಕಾಲಕ್ಕೆ ಅಪರಾಧವಾಗಿತ್ತು.

1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಮೆಕ್‌ಗ್ರೆಗರ್‌ಗಳಿಗೂ ಕೊಹೂನ್ ಕುಲದವರಿಗೂ ಕಾಳಗವಾಯಿತು. ಕೊಹೂನರ ಕಡೆ ತುಂಬಾ ಜನ ಸತ್ತರು. ಏಪ್ರಿಲ್‌ನಲ್ಲಿ ದೊರೆ ಆರನೇ ಜೇಮ್ಸ್‌ನ ಆಡಳಿತ ಮೆಕ್‌ಗ್ರೆಗರ್ ಅನ್ನುವ ಹೆಸರನ್ನೇ ರದ್ದು ಮಾಡಿತು. ಬಿಡದವರಿಗೆ ಸಾವೇ ಶಿಕ್ಷೆ. ಮುಂದಿನ ಜನವರಿಯಲ್ಲಿ ಕುಲದ ಮುಖ್ಯಸ್ಥ ಅಲಸ್ಡೇರ್‌ನನ್ನು ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದರು. 1661ರಲ್ಲಿ ನಿಷೇಧ ತೆಗೆದರು, 1693ರಲ್ಲಿ ಮತ್ತೆ ಹೇರಿದರು. ಪೂರ್ತಿ ಹೋಗಿದ್ದು 1774ರಲ್ಲಿ. ಅಲ್ಲಿಯವರೆಗೆ ಜನ ಡ್ರಮಂಡ್, ಮರ್ರೆ, ಗ್ರಹಾಂ, ಕ್ಯಾಂಬೆಲ್ ಅಂತ ಬರೆಸಿಕೊಂಡು ಬದುಕಿದರು. ಇದೇ ಕುಲದ ಹೆಸರಾಂತ ಬಂಡುಕೋರ ರಾಬ್ ರಾಯ್ ಕೂಡ ತಾಯಿಯ ಕಡೆಯ ಕ್ಯಾಂಬೆಲ್ ಹೆಸರನ್ನೇ ಬಳಸಿದ. ಮೆಕ್‌ಗ್ರೆಗರ್‌ಗಳ ಜಮೀನು ಸೇರಿದ್ದು ಕ್ಯಾಂಬೆಲ್‌ಗಳ ಕೈಗೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಾನು ಹೆಸರಿನ ಬೆನ್ನು ಬೀಳದೆ ಊರು ಹಿಡಿದೆ, ಹೆಂಗಸರನ್ನು ಹಿಡಿದೆ. ಅಲ್ಲಿ 1855ರಿಂದ ಸರ್ಕಾರಿ ನೋಂದಣಿ ಇದೆ. ಮದುವೆ, ಸಾವಿನ ದಾಖಲೆಯಲ್ಲಿ ತಾಯಿಯ ತವರಿನ ಹೆಸರೂ ಇರುತ್ತದೆ. ಅದರಿಂದ ಎಷ್ಟು ಅನುಕೂಲ ಅಂತೀರಾ! ಅದಕ್ಕೂ ಹಿಂದಿನದಕ್ಕೆ ಚರ್ಚಿನ ರಿಜಿಸ್ಟರ್‌ಗಳೇ ಗತಿ. ಎಲ್ಲದರ ಪ್ರತಿಯೂ ಸರ್ಕಾರದ ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಜಾಲತಾಣದಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ.

ಬಾಲ್‌ಹ್ವಿಡರ್ ಕಡೆಯ ಒಂದು ರಿಜಿಸ್ಟರ್‌ನಲ್ಲಿ ನನಗೆ ಬೇಕಾದ ಸಾಲು ಕಂಡಿತು. ಮಗುವಿನ ತಂದೆ 'ಡ್ರಮಂಡ್ ಅಲಿಯಾಸ್ ಮೆಕ್‌ಗ್ರೆಗರ್'. ಶಾಯಿ ಮಾಸಿತ್ತು, ಆದರೂ ಓದಬಹುದಿತ್ತು. ಕೆಲವು ಪುಟ ದಾಟಿದರೆ ಅದೇ ತಾಯಿ, ಅದೇ ಹೊಲಮನೆ, ಇನ್ನೊಂದು ಮಗು. ತಂದೆ ಈಗ ಬರೀ ಮೆಕ್‌ಗ್ರೆಗರ್. ಮಕ್ಕಳ ಹೆಸರೂ ಕೈಹಿಡಿದವು. ಸ್ಕಾಟ್‌ಲೆಂಡಿನಲ್ಲೂ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು ಇಡುವ ರೂಢಿ ಇತ್ತು. ಎಲ್ಲರೂ ಪಾಲಿಸುತ್ತಿರಲಿಲ್ಲ, ಸುಳಿವು ಅಂತ ಮಾತ್ರ ಇಟ್ಟುಕೊಳ್ಳಿ.

'ನಮ್ಮದು ರಾಜಕುಲ' ಅನ್ನುವುದು ಈ ಕುಲದ ಘೋಷವಾಕ್ಯ. ದೊರೆ ಕೆನೆತ್ ಮೆಕ್‌ಆಲ್ಪಿನ್‌ನ ವರೆಗೆ ನಂಟು ಹೇಳುತ್ತಾರೆ. ಅದಕ್ಕೆ ಕಾಗದವಿಲ್ಲ, ನಮ್ಮ ವಂಶವೃಕ್ಷದಲ್ಲಿ ನಾನು ಸೇರಿಸಿಲ್ಲ.

ಆ ಡ್ರಮಂಡ್‌ನ ತಮ್ಮನೊಬ್ಬ 1774ರ ನಂತರವೂ ಹಳೆಯ ಹೆಸರಿಗೆ ಮರಳಲಿಲ್ಲ. ಅವನ ವಂಶದವರು ಈಗಲೂ ಡ್ರಮಂಡ್ ಆಗಿಯೇ ಇರಬಹುದು, ಅಲ್ವಾ? ಅಪ್ಪನಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮ್ ಹೆಸರು ಬದಲಾದರೂ ಬದಲಾಗುವುದಿಲ್ಲ. ಅದಕ್ಕೇ ಅತ್ತೆಯ ಅಣ್ಣನನ್ನು ಒಪ್ಪಿಸಿ ಡಿಎನ್‌ಎ ಪರೀಕ್ಷೆಗೆ ಕೊಡಿಸಿದ್ದೇನೆ. ಹೊಂದುವ ಡ್ರಮಂಡ್ ಯಾರಾದರೂ ಸಿಕ್ಕರೆ ಅವರ ಊರಿನ ರಿಜಿಸ್ಟರ್‌ನಿಂದ ಹುಡುಕಾಟ ಮುಂದುವರಿಸುತ್ತೇನೆ.