ಒಲೆ ಆರಿದರೂ ಹೋಗದ ಹೊಗೆ ವಾಸನೆ

ತೀರ್ಥಹಳ್ಳಿ ಕಡೆಯ ನಮ್ಮ ಹಂಚಿನ ಮನೆಯಲ್ಲಿ ಹಳೆಯ ಅಡುಗೆಮನೆಯನ್ನು ಮಲಗುವ ಕೋಣೆ ಮಾಡಬೇಕಿತ್ತು. ಗ್ಯಾಸ್ ಬಂದು ಕಟ್ಟಿಗೆ ಒಲೆ ಆರಿ ವರ್ಷಗಳಾಗಿದ್ದರೂ ಹೊಗೆ ವಾಸನೆ ಮನೆ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಮಳೆ ಹಿಡಿದು ಗಾಳಿಗೆ ತೇವ ಬಂದರೆ ಹಾಸಿಗೆ, ಬಟ್ಟೆ, ತಲೆಗೂದಲಿಗೆಲ್ಲ ಹತ್ತುತ್ತಿತ್ತು.

ಸಲಹೆಗಳಿಗೇನೂ ಬರವಿರಲಿಲ್ಲ. ಲೋಬಾನ ಹಾಕಿ ಎಂದರು ಒಬ್ಬರು, ಹೊಗೆಯ ಮೇಲೆ ಇನ್ನೊಂದು ಹೊಗೆ! ಬಟ್ಟಲಲ್ಲಿ ಇದ್ದಿಲು, ಅಡುಗೆ ಸೋಡಾ ಇಡಿ ಎಂದರು ಮತ್ತೊಬ್ಬರು. ಅವು ಗಾಳಿಯಲ್ಲಿರುವುದನ್ನು ಒಂದಿಷ್ಟು ಹೀರಬಹುದು. ಆದರೆ ವಾಸನೆಯ ಮನೆ ಗಾಳಿಯಲ್ಲ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟಾಗ ಗ್ವಯಾಕಾಲ್‌ನಂಥ ಫೀನಾಲ್‌ಗಳು, ಅಂದರೆ ಹೊಗೆಯ ವಾಸನೆ ಕೊಡುವ ರಾಸಾಯನಿಕಗಳು ಹುಟ್ಟಿ, ಡಾಂಬರಿನಂಥ ಅಂಟಿನೊಡನೆ ಹಂಚು ಹೊರುವ ಮರದ ಪಕಾಸು, ಹಂಚು, ಗೋಡೆಗಳಲ್ಲಿ ಕೂತುಬಿಡುತ್ತವೆ. ಅದನ್ನು ತೆಗೆಯಬೇಕು, ತೆಗೆಯಲಾಗದ ಕಡೆ ಮುಚ್ಚಿ ಬಂಧಿಸಬೇಕು. ನಾನು ಮಾಡಿದ್ದು ಇಷ್ಟೇ.

ಮಾರ್ಚ್‌ನಲ್ಲಿ ಹಂಚು ಇಳಿಸಿದೆವು. ಮೊದಲ ಕೆಲಸ ಒಣ ಕೆಲಸ. ಇಲ್ಲಣ (ಮಸಿ ಹಿಡಿದ ಬಲೆ) ನೇತಾಡುವ ಮರಕ್ಕೆ ಮೊದಲೇ ಒದ್ದೆ ಬಟ್ಟೆ ತಾಗಿಸಿದರೆ ಮಸಿ ಕಲಸಿಕೊಂಡು ಮರದ ರಂಧ್ರಗಳಿಗೆ ಇಳಿಯುತ್ತದೆ. ಮುಖಕ್ಕೆ ಮಾಸ್ಕ್ ಕಟ್ಟಿ, ಒಣ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಕೆರೆದು ಗುಡಿಸಿದೆವು. ಬಳಿಕ ಒಂದು ಬಕೆಟ್ ಬಿಸಿನೀರಿಗೆ ಎರಡು ಹಿಡಿ ವಾಷಿಂಗ್ ಸೋಡಾ. ಅಡುಗೆ ಸೋಡಾ ಇದಕ್ಕೆ ಸಾಲದು. ಅಂಟು ಬಿಡಿಸಲು ಹೆಚ್ಚು ಕ್ಷಾರ ಬೇಕು, ಫೀನಾಲ್‌ಗಳು ಸ್ವಲ್ಪ ಆಮ್ಲ ಗುಣದವಾದ್ದರಿಂದ ಕ್ಷಾರಕ್ಕೆ ಅವೂ ಕರಗುತ್ತವೆ. ಕೈಗೆ ರಬ್ಬರ್ ಗ್ಲೌಸ್ ಇಲ್ಲದಿದ್ದರೆ ಚರ್ಮ ಸುಲಿಯುತ್ತದೆ. ಹಿಂಡಿದ ಬಟ್ಟೆಯಿಂದ ಒರೆಸುವುದು, ನೀರು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದೊಡನೆ ಚೆಲ್ಲಿ ಹೊಸದು ಮಾಡುವುದು, ಕೊನೆಗೆ ಬರಿ ನೀರಿನಿಂದ ಒರೆಸುವುದು. ಹಂಚುಗಳನ್ನು ಅದೇ ನೀರಿನಲ್ಲಿ ನೆನೆಸಿ, ಕತ್ತದ ಬ್ರಷ್‌ನಿಂದ ಉಜ್ಜಿ ಬಿಸಿಲಿಗಿಟ್ಟೆವು.

ಗೋಡೆ ಮಣ್ಣಿನದು, ತೊಳೆಯುವಂತಿಲ್ಲ. ಬರಿ ಸುಣ್ಣ ಬಳಿದರೆ ಕಂದು ಕಲೆ ಅದನ್ನೂ ದಾಟಿ ಮೇಲೆ ಬರುತ್ತದೆ. ಮಲೆನಾಡಿನ ಎಷ್ಟೋ ಅಡುಗೆಮನೆಗಳಲ್ಲಿ ಆ ಹಳದಿ ನಕ್ಷೆಗಳನ್ನು ಕಂಡಿದ್ದೇನೆ. ಹೀಗಾಗಿ ಮೇಲಿನ ಗಿಲಾವನ್ನೇ ಕೆರೆದು ತೆಗೆಸಿ, ಮಣ್ಣು, ಮರಳು, ತುಸು ಸುಣ್ಣ ಸೇರಿಸಿ ಹೊಸ ಗಿಲಾವು ಮಾಡಿಸಿದೆ. ಅದು ಪೂರ್ತಿ ಒಣಗಿದ ಮೇಲೆ ಸುಣ್ಣ.

ಮರದ ವಿಷಯದಲ್ಲಿ ಆಚಾರಿ ಹೇಳಿದ ಮಾತು ನನ್ನ ಲೆಕ್ಕದಲ್ಲಿ ಇರಲಿಲ್ಲ. "ಇಷ್ಟು ವರ್ಷ ಹೊಗೆಯೇ ಮರ ಕಾದಿತ್ತು. ಈಗ ಅದನ್ನು ತೊಳೆದಿರಿ, ಇನ್ನು ಕುಟ್ಟೆ ಹುಳ ಬಂದರೆ ನೀವೇ ನೋಡಿಕೊಳ್ಳಬೇಕು, ಸ್ವಾಮಿ" ಎಂದ. ಸರಿಯೇ. ಹೊಗೆಯ ಅಂಟು ಹುಳುವಿಗೆ ಆಗದು. ಅದಕ್ಕೇ ಪಾಲಿಶ್‌ಗೆ ಮುಂಚೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರನ್ನು ಮರಕ್ಕೆ ಚೆನ್ನಾಗಿ ಕುಡಿಸಿದೆವು. ಆಮೇಲೆ ಮಾಡಿದರೆ ಅದು ಒಳಗಿಳಿಯದು.

ಮರ ಒಣಗಿದ ಮೇಲೆ ಅರಗಿನ ಪಾಲಿಶ್. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆ, ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿದ್ದು. ವಾಸನೆಯನ್ನು ಒಳಗೇ ಹಿಡಿದಿಡುವುದರಲ್ಲಿ ನೀರಿನ ಪ್ರೈಮರ್ ಇದರ ಹತ್ತಿರ ಸುಳಿಯದು. ಎರಡು ಕೈ ಹೊಡೆದೆವು, ಮರದ ತುದಿಗಳಿಗೆ ಮೂರು. ಸ್ಪಿರಿಟ್‌ನ ಆವಿ ಬೆಂಕಿಗೆ ಕಾಯುತ್ತಿರುತ್ತದೆ, ಹಾಗಾಗಿ ಆ ದಿನ ದೇವರ ದೀಪವನ್ನೂ ಆಚೆ ಜಗುಲಿಯಲ್ಲೇ ಹಚ್ಚಿದರು ಅಮ್ಮ.

ಆ ವರ್ಷದ ಜುಲೈ ಮಳೆಯಲ್ಲಿ ಕೋಣೆ ಮುಚ್ಚಿಟ್ಟು, ಎರಡು ದಿನ ಬಿಟ್ಟು ಬಾಗಿಲು ತೆರೆದು ಮೂಸಿದೆ. ಸುಣ್ಣದ ವಾಸನೆ ಇತ್ತು, ಹೊಗೆಯದು ಇರಲಿಲ್ಲ. ಮೂಲೆಯ ಕಪಾಟಿನಲ್ಲಿ ಮಾತ್ರ ಉಳಿದಿತ್ತು. ಅದರ ಹಿಂಬದಿಯ ಹಲಗೆಗೆ ಪಾಲಿಶ್ ತಾಗಿರಲಿಲ್ಲ, ಕಳಚಿ ಹೊಡೆಸಿದೆ. ಈಗ ಉಳಿದಿರುವುದು ಬಚ್ಚಲೊಲೆಯ ತಕರಾರು. ಪಡುವಣ ಗಾಳಿ ಬೀಸಿದರೆ ಅದರ ಹೊಗೆ ನೇರ ಈ ಕೋಣೆಯ ಕಿಟಕಿಗೇ ಬರುತ್ತದೆ. ಹೊಗೆಕೊಳವೆಯನ್ನು ಮಾಡಿನ ನೆತ್ತಿಗಿಂತ ಎತ್ತರಿಸಲು ಆಚಾರಿಗೆ ಹೇಳಿದ್ದೇನೆ, ಅಡಿಕೆ ಕೊಯ್ಲು ಮುಗಿಯಲಿ ಎಂದಿದ್ದಾನೆ.