ವಾರ ಬಿಟ್ಟು ತಿಥಿ ನೋಡಿದೆ: ಕುಮಟಾದ ಒಂದು ದಿನದ ಟ್ರಿಪ್, ನನ್ನ ಅನುಭವ

ನಾನು ಕುಮಟಾ ಸುತ್ತ ಜನರನ್ನು ಒಂದು ದಿನದ ಟ್ರಿಪ್ ಕರೆದುಕೊಂಡು ಹೋಗುತ್ತೇನೆ. ಮಂಗಳವಾರ ಟ್ರಿಪ್ ಹಾಕಿದರೆ ಯಾರು ಬರ್ತಾರೆ ಮಾರಾಯ ಅಂತ ಗಾಡಿ ಓಡಿಸುವ ಗೆಳೆಯರೆಲ್ಲ ಹೇಳಿದ್ದರು. ಈ ಸೀಸನ್‌ನಲ್ಲಿ 14-15 ಟ್ರಿಪ್ ಆಯಿತು. ಎರಡು ಬಿಟ್ಟು ಎಲ್ಲದರಲ್ಲೂ ಸೀಟು ಭರ್ತಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಭಾನುವಾರ, 12 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್), ಒಂದೇ ದಿನದಲ್ಲಿ ಗೋಕರ್ಣ, ಮಿರ್ಜಾನ್ ಕೋಟೆ, ಯಾಣ, ವಿಭೂತಿ ಜಲಪಾತ, ಕೊನೆಗೆ ಮುರ್ಡೇಶ್ವರ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡಕ್ಕೆ ಬಂದು ಜನ ತಲೆ ಎತ್ತುವಷ್ಟರಲ್ಲಿ ನಾನು ಹೊರಡಿ ಹೊರಡಿ ಅನ್ನುತ್ತಿದ್ದೆ. ಮುರ್ಡೇಶ್ವರ ಮುಟ್ಟುವಾಗ ಕತ್ತಲೆ. ಒಬ್ಬರು ಅಜ್ಜಿ ಕೇಳಿದರು, "ತಮ್ಮಾ, ಸಮುದ್ರ ಎಲ್ಲಿ?" ಆ ಮಾತು ಇವತ್ತಿಗೂ ಚುಚ್ಚುತ್ತದೆ. ಬಾಡಿಗೆ, ಡೀಸೆಲ್, ಊಟ ಎಲ್ಲ ಸೇರಿ ಆ ವರ್ಷ ಕೈಯಿಂದ ಹೋದದ್ದು ಸುಮಾರು 40 ಸಾವಿರ.

ಆಮೇಲೆ ಅಘನಾಶಿನಿ ಅಳಿವೆ, ಅಂದರೆ ನದಿ ಸಮುದ್ರ ಸೇರುವ ಜಾಗ ಹಿಡಿದೆ. ಅಣೆಕಟ್ಟು ಕಾಣದ ನದಿ, 2024ರಲ್ಲಿ ಅಳಿವೆ ರಾಮ್ಸಾರ್ ಅನ್ನುವ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಆದರೆ ಅಲ್ಲಿ ನೋಡೋಕೆ ಇರೋದು ನೀರು ಇಳಿದಾಗ. ಅದು ಗೊತ್ತಿದ್ದೂ ಒಂದು ಭಾನುವಾರ ಉಬ್ಬರದಲ್ಲಿ ದೋಣಿ ಹತ್ತಿಸಿ, ಬರೀ ನೀರು ತೋರಿಸಿ ಬಂದೆ. ಅರ್ಧ ದುಡ್ಡು ವಾಪಸ್ ಕೊಟ್ಟೆ.

ಅವತ್ತೇ ಭಾನುವಾರದ ಆಸೆ ಬಿಟ್ಟೆ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಎರಡು-ಮೂರು ದಿನ ಬೆಳಗ್ಗೆ ಬೇಗ ಒಳ್ಳೆ ಇಳಿತ ಸಿಗುತ್ತದೆ, ಮುಂದೆ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಆ ದಿನಗಳಿಗೆ ಮಾತ್ರ ಬುಕಿಂಗ್. ಏಳು ಗಂಟೆಗೆ ದೋಣಿ ಹತ್ತಿದರೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಲ್ಲೇ ತಡಕಿ ಬಳಚು (ಚಿಪ್ಪುಮೀನು) ತೆಗೆಯುತ್ತಿರುತ್ತಾರೆ, ಪಕ್ಕದಲ್ಲಿ ಬೋಗುಣಿ ತೇಲುತ್ತಿರುತ್ತದೆ. ಕೇಳದೆ ಫೋಟೋ ತೆಗೆಯಬಾರದು ಅಂತ ಮೊದಲೇ ಹೇಳಿರುತ್ತೇನೆ, ಅದು ಅವರ ದುಡಿಮೆ. ಬಳಚು ಅವರ ಹತ್ತಿರವೇ ಕೊಳ್ಳುತ್ತೇವೆ. ಆಮೇಲೆ ಮಿರ್ಜಾನ್, ಊಟ, ಮಧ್ಯಾಹ್ನ ಯಾಣ. ಮೂರೇ ಜಾಗ. ವಾರದ ನಡುವೆ ಯಾಣದಲ್ಲಿ ಎಷ್ಟು ನಿಶ್ಶಬ್ದ ಅಂದರೆ ಬಂಡೆಯಿಂದ ತೊಟ್ಟಿಕ್ಕುವ ನೀರಿನ ಸದ್ದೂ ಕೇಳುತ್ತದೆ.

ಟಿಟಿ ಬಾಡಿಗೆಯೂ ಭಾನುವಾರಕ್ಕಿಂತ 1,000-1,200 ಕಡಿಮೆ. ತಲೆಗೆ 1,600 ತೆಗೆದುಕೊಂಡರೂ ಯಾರೂ ಚೌಕಾಸಿ ಮಾಡುವುದಿಲ್ಲ. ಎಲ್ಲ ಖರ್ಚು ಕಳೆದು ಟ್ರಿಪ್ಪಿಗೆ ನಾಲ್ಕೂವರೆ ಸಾವಿರದ ಹತ್ತಿರ ಉಳಿಯುತ್ತದೆ. ಬರುವವರು ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವ ಹುಡುಗರು, ರಜೆಗೆ ಬಂದ ಮುಂಬೈಯ ನಮ್ಮವರು. ಇವರಿಗೆಲ್ಲ ಭಾನುವಾರವೇ ಬೇಕು ಅಂತ ಯಾರು ಹೇಳಿದ್ದು?

ನಡುವೆ ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗದ ಭತ್ತ ತೋರಿಸೋಕೂ ಹೋದೆ. ಉಪ್ಪುನೀರು ತಡೆದುಕೊಂಡು ಆಳೆತ್ತರ ಬೆಳೆಯುವ ಭತ್ತ, ತೆನೆ ಮಾತ್ರ ಕೊಯ್ಯುತ್ತಾರೆ. ಜನರಿಗೆ ಹಿಡಿಸಿತು, ಆದರೆ ಕೆಸರಲ್ಲಿ ಎರಡು ಜೊತೆ ಚಪ್ಪಲಿ ಹೋಯಿತು. ಈಗ ಬದುವಿನ ಮೇಲಿಂದಲೇ ತೋರಿಸುತ್ತೇನೆ. ಮಳೆಗಾಲದಲ್ಲಿ ದೋಣಿ ಇಲ್ಲ, ವಿಭೂತಿ ಕಡೆ ಹೋಗುತ್ತೇವೆ. ಉಂಬಳಕ್ಕೆ (ಜಿಗಣೆಗೆ) ಉಪ್ಪು, ಬೇವಿನೆಣ್ಣೆ ಎರಡೂ ನೋಡಿದೆ, ಕೊನೆಗೆ ಕೆಲಸ ಮಾಡಿದ್ದು ಸುಣ್ಣ-ಹೊಗೆಸೊಪ್ಪಿನ ನೀರು. ಅಳತೆ ಹೇಳಲ್ಲ. ದೋಣಿ ಯಾವ ಧಕ್ಕೆಯಿಂದ ಹತ್ತಿಸುತ್ತೇನೆ, ಅಪ್ಪೆಹುಳಿ ಊಟ ಯಾರ ಮನೆಯಲ್ಲಿ, ಅದನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮಂಗಳವಾರ ಯಾರು ಬರ್ತಾರೆ ಅಂದಿದ್ದ ಗೆಳೆಯ ಮೊನ್ನೆ ಮುಂದಿನ ಹುಣ್ಣಿಮೆ ಯಾವಾಗ ಅಂತ ಫೋನ್ ಮಾಡಿದ್ದ.