ಸಿಎ ಫೈನಲ್‌ಗೆ ನಾನು ನೋಟ್ಸ್ ಮಾಡಿದ್ದು ಹೇಗೆ, ಯಾವ ಪೇಪರ್‌ಗೆ ಮಾಡ್ಲೇ ಇಲ್ಲ

ಸಿಎಗೆ (ಚಾರ್ಟರ್ಡ್ ಅಕೌಂಟೆನ್ಸಿಗೆ) ಓದೋವಾಗ ನೋಟ್ಸ್ ಮಾಡ್ಬೇಕಾ ಬೇಡ್ವಾ ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು ಒಂದೇ, ಯಾವ ಪೇಪರ್‌ಗೆ? ಯಾಕಂದ್ರೆ ಆಡಿಟ್ ಪೇಪರ್‌ಗೆ ನೋಟ್ಸ್ ಇಲ್ದೆ ನಾನು ಹಾಲ್ ಒಳಗೆ ಕಾಲೇ ಇಡ್ತಿರ್ಲಿಲ್ಲ, ಫೈನಾನ್ಷಿಯಲ್ ರಿಪೋರ್ಟಿಂಗ್‌ಗೆ ಥಿಯರಿ ನೋಟ್ಸ್ ಅಂತ ಒಂದು ಹಾಳೆನೂ ಬರೀಲಿಲ್ಲ, ಟ್ಯಾಕ್ಸ್‌ಗೆ ಬರೆದೆ ಆದ್ರೆ ಪೆನ್ಸಿಲ್‌ನಲ್ಲಿ. 2025ರ ಮೇ ತಿಂಗಳಲ್ಲಿ ಫೈನಲ್‌ನ ಎರಡೂ ಗ್ರೂಪ್ (ಒಂದೊಂದರಲ್ಲಿ ಮೂರು ಪೇಪರ್) ಒಟ್ಟಿಗೆ ಬರೆದು ಪಾಸಾದವನು ನಾನು, ರ‍್ಯಾಂಕ್ ಗೀಂಕ್ ಏನೂ ಇಲ್ಲ. ಬೆಳಗ್ಗೆ ಆಫೀಸು ಸಂಜೆ ಓದು ಅಂತ ತಳ್ಕೊಂಡು ಬಂದವನು, ಹಂಗಾಗಿ ಇದನ್ನ ಟಾಪರ್ ಟಿಪ್ಸ್ ಅಂತ ಓದ್ಬೇಡಿ.

ಮೊದಲು ಲೆಕ್ಕ ಹೇಳ್ತೀನಿ. ಮಧ್ಯಾಹ್ನ 2ರಿಂದ 5 ಪೇಪರ್. ಮುಗಿಸಿ ಮನೆ ಸೇರೋ ಹೊತ್ತಿಗೆ ತಲೆ ಕೆಲಸ ಮಾಡಲ್ಲ, ಆಮೇಲೆ ಒಂದು ದಿನ ಪೂರ್ತಿ ಸಿಗತ್ತೆ, ಮಾರನೇ ದಿನ ಮತ್ತೆ 2 ಗಂಟೆಗೆ ಮುಂದಿನ ಪೇಪರ್. ಸಿಎ ಓದೋವ್ರ ಬಾಯಲ್ಲಿ ಯಾವಾಗ್ಲೂ ಬರೋ "ಒಂದೂವರೆ ದಿನ" ಅಂದ್ರೆ ಇದೇನೆ. ಪ್ರತಿ ಪೇಪರ್‌ನಲ್ಲೂ 40 ಬರ್ಬೇಕು, ಗ್ರೂಪ್‌ನಲ್ಲಿ ಒಟ್ಟು 50 ಪರ್ಸೆಂಟ್ ಆಗ್ಬೇಕು, ಅಂದ್ಮೇಲೆ ಯಾವ ಚಾಪ್ಟರ್‌ನೂ ಪೂರ್ತಿ ಬಿಟ್ಟು ಹೋಗೋ ಹಾಗಿಲ್ಲ. ಪರೀಕ್ಷೆ ನಡೆಸೋ ಸಂಸ್ಥೆ ಐಸಿಎಐ ಕೊಡೋ ಮೆಟೀರಿಯಲ್ ಒಂದೊಂದು ಪೇಪರ್‌ಗೂ ಎರಡು ಮೂರು ದಪ್ಪ ಪುಸ್ತಕ, ಅದನ್ನ ಒಂದೂವರೆ ದಿನದಲ್ಲಿ ತಿರುವಿ ಹಾಕೋಕೂ ಆಗಲ್ಲ. ಹಂಗಾಗಿ ನನಗೆ ನೋಟ್ಸ್ ಅಂದ್ರೆ ಆ ಒಂದೂವರೆ ದಿನದಲ್ಲಿ ಓದಿ ಮುಗಿಸೋಕೆ ಆಗೋ ಸರಕು, ಅಷ್ಟೇ. ಅರ್ಥ ಮಾಡ್ಕೊಳ್ಳೋಕೆ ಪುಸ್ತಕ ಇದೆ, ಕ್ಲಾಸ್ ಇದೆ.

ಅದಕ್ಕೇ ಮೊದಲನೇ ಸಲ ಓದೋವಾಗ ನಾನು ಪೆನ್ ಮುಟ್ತಾನೇ ಇರ್ಲಿಲ್ಲ, ಪುಸ್ತಕದಲ್ಲೇ ಪೆನ್ಸಿಲ್ ಗೆರೆ ಎಳೆದು ಮುಂದೆ ಹೋಗ್ತಿದ್ದೆ. ಮೊದಲ ಓದಿಗೆ ಎಲ್ಲಾ ಸಾಲೂ ಮುಖ್ಯ ಅನ್ಸತ್ತೆ, ಆಗ ಬರೆಯೋಕೆ ಕೂತ್ರೆ ಪುಸ್ತಕಕ್ಕೆ ಇನ್ನೊಂದು ಕಾಪಿ ಆಗತ್ತೆ ಹೊರತು ನೋಟ್ಸ್ ಆಗಲ್ಲ. ನನ್ನ ಜೊತೆ ರೂಮಲ್ಲಿದ್ದ ಒಬ್ಬ ಇದ್ದ, ಅವನ ನೋಟ್ಸ್ ನೋಡಿದ್ರೆ ಕಣ್ಣಿಗೆ ಹಬ್ಬ, ಹೆಡಿಂಗ್ ಕೆಂಪು, ಸೆಕ್ಷನ್ ಹಸಿರು, ಕೇಸ್ ಲಾ ನೀಲಿ, ಬಾಕ್ಸ್ ಹಾಕೋಕೆ ಸ್ಕೇಲ್ ಬೇರೆ. ಭಾನುವಾರ ಇಡೀ ದಿನ ಒಂದು ಚಾಪ್ಟರ್ ಬರೀತಿದ್ದ, ಅದೇ ಚಾಪ್ಟರ್‌ದು ಒಂದು ಪ್ರಶ್ನೆ ಕೇಳಿದ್ರೆ "ತಡಿ, ನೋಟ್ಸ್ ನೋಡಿ ಹೇಳ್ತೀನಿ" ಅಂತಿದ್ದ. ಬರೆಯೋವಾಗ ಕೈ ಓಡ್ತಾ ಇರತ್ತೆ, ಓದ್ತಿದೀನಿ ಅನ್ನೋ ಸಮಾಧಾನನೂ ಇರತ್ತೆ, ಅಪಾಯ ಇರೋದೇ ಆ ಸಮಾಧಾನದಲ್ಲಿ.

ನಾನು ಬರೀತಿದ್ದಿದ್ದು ಎರಡನೇ ಓದು ಮುಗಿದ್ಮೇಲೆ, ಅದೂ ಆ ಚಾಪ್ಟರ್‌ದು ಆರ್‌ಟಿಪಿ (ಐಸಿಎಐ ಕೊಡೋ ರಿವಿಷನ್ ಪ್ರಶ್ನೆಗಳು) ಮತ್ತೆ ಹಳೇ ಪೇಪರ್‌ನ ಪ್ರಶ್ನೆ ಒಂದಷ್ಟು ಬರೆದು ನೋಡಿದ್ಮೇಲೆ. ಪುಸ್ತಕ ಮುಚ್ಚಿ ನೆನಪಿಂದ ಬರೆಯೋದು, ಆಮೇಲೆ ತೆರೆದು ಏನು ಬಿಟ್ಟೋಯ್ತು ಅಂತ ಬೇರೆ ಇಂಕಲ್ಲಿ ಸೇರಿಸೋದು. ಕಡೇ ದಿನ ಓದೋವಾಗ ಕಣ್ಣು ಆ ಬೇರೆ ಇಂಕಿನ ಸಾಲಿನ ಮೇಲೇ ಹೋಗ್ಬೇಕು, ಮಿಕ್ಕಿದ್ದು ಹೇಗಿದ್ರೂ ತಲೇಲಿದೆ. ಈಗಿನ ಸ್ಕೀಮ್‌ನಲ್ಲಿ 30 ಮಾರ್ಕ್ಸ್ ಎಂಸಿಕ್ಯೂ (ಸರಿ ಉತ್ತರ ಆರಿಸೋ ಪ್ರಶ್ನೆ) ಬರೋದ್ರಿಂದ ಇನ್ನೊಂದು ಅಭ್ಯಾಸ ಮಾಡ್ಕೊಂಡಿದ್ದೆ, ಕಾಯ್ದೇಲಿ ಎಲ್ಲಿ "ಆದರೆ ಹೀಗಿದ್ರೆ ಇದು ಅನ್ವಯಿಸಲ್ಲ" ಅಂತ ಬರತ್ತೋ ಆ ಸಾಲಿಗೆ ಪಕ್ಕದಲ್ಲಿ ಒಂದು ಸ್ಟಾರ್. ಎಂಸಿಕ್ಯೂ ಹುಟ್ಟೋದೇ ಅಲ್ಲಿ.

ಇನ್ನು ಆಡಿಟ್. ನೋಟ್ಸ್ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಇಲ್ಲೇ, ಅದಕ್ಕೆ ಕಾರಣ ಆರ್ಟಿಕಲ್‌ಶಿಪ್, ಅಂದ್ರೆ ಸಿಎ ಆಫೀಸಲ್ಲಿ ಮಾಡೋ ಟ್ರೈನಿಂಗ್. ನಮ್ದು ಹಳೇ ರೂಲು, ಮೂರು ವರ್ಷ, ಈಗ ಸೇರೋವ್ರಿಗೆ ಎರಡು. ಎಸ್‌ಎ 505 ಅನ್ನೋ ಆಡಿಟ್ ಸ್ಟ್ಯಾಂಡರ್ಡ್ ತಗೊಳ್ಳಿ, ಎಕ್ಸ್‌ಟರ್ನಲ್ ಕನ್ಫರ್ಮೇಷನ್, ಅಂದ್ರೆ ಲೆಕ್ಕ ಸರಿನಾ ಅಂತ ಹೊರಗಿನವ್ರಿಂದಲೇ ಬರೆಸಿ ಖಚಿತ ಮಾಡ್ಕೊಳ್ಳೋದು. ಪುಸ್ತಕದಲ್ಲಿ ಓದಿದ್ರೆ ಆಕಳಿಕೆ ಬರತ್ತೆ. ಆದ್ರೆ ನಾವು ಆಫೀಸಲ್ಲಿ ಕ್ಲೈಂಟ್‌ನ ಡೆಟರ್ಸ್ (ದುಡ್ಡು ಬಾಕಿ ಇರೋ ಗಿರಾಕಿಗಳ) ಲಿಸ್ಟ್ ಇಟ್ಕೊಂಡು ಬ್ಯಾಲೆನ್ಸ್ ಕನ್ಫರ್ಮೇಷನ್ ಲೆಟರ್ ಕಳಿಸಿ, ಅರ್ಧಕ್ಕರ್ಧ ಜನ ಉತ್ತರನೇ ಕೊಡ್ದೆ, ಕ್ಲೈಂಟ್‌ನ ಏಪ್ರಿಲ್ ಮೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಅವರ ದುಡ್ಡು ಆಮೇಲಾದ್ರೂ ಬಂದಿದ್ಯಾ, ಇಲ್ಲಾ ಅಂದ್ರೆ ಮಾಲು ಹೋದ ಚಲನ್ನಾದ್ರೂ ಇದ್ಯಾ ಅಂತ ಹುಡುಕ್ತಾ ಕೂತಿದ್ವಲ್ಲ, ಆ ಸ್ಟ್ಯಾಂಡರ್ಡ್ ಹೇಳೋ ಪರ್ಯಾಯ ಆಡಿಟ್ ಪ್ರೊಸೀಜರ್ ಅಂದ್ರೆ ಅದೇನೆ. ನನ್ನ ನೋಟ್‌ಬುಕ್‌ನಲ್ಲಿ 505ಕ್ಕೆ ಅರ್ಧ ಪುಟ ಅಷ್ಟೇ ಇರೋದು. ಎಡಗಡೆ ಆ ಕ್ಲೈಂಟ್ ಕಥೆ ಒಂದೇ ಸಾಲು, ಬಲಗಡೆ ನೆಗೆಟಿವ್ ಕನ್ಫರ್ಮೇಷನ್ (ಲೆಕ್ಕ ಒಪ್ಪಿಗೆ ಇಲ್ಲಾಂದ್ರೆ ಮಾತ್ರ ಉತ್ತರ ಕೊಡಿ ಅನ್ನೋ ಲೆಟರ್) ಯಾವಾಗ ಒಂದನ್ನೇ ನೆಚ್ಕೋಬಹುದು ಅನ್ನೋ ನಾಲ್ಕು ಕಂಡಿಷನ್: ರಿಸ್ಕ್ ಕಮ್ಮಿ ಇದ್ದು ಜೊತೆಗೆ ಕಂಟ್ರೋಲ್ ಕೆಲಸ ಮಾಡ್ತಿದೆ ಅಂತ ಟೆಸ್ಟ್ ಮಾಡಿರ್ಬೇಕು, ಸಣ್ಣ ಸಣ್ಣ ಒಂದೇ ಥರದ ಬ್ಯಾಲೆನ್ಸ್ ತುಂಬಾ ಇರ್ಬೇಕು, ವ್ಯತ್ಯಾಸ ಬರೋ ಸಾಧ್ಯತೆ ತೀರಾ ಕಮ್ಮಿ ಇರ್ಬೇಕು, ಮತ್ತೆ ಲೆಟರ್ ಬಂದ್ರೂ ಓದ್ದೆ ಬಿಸಾಕೋ ಜನ ಅಂತ ನಮಗೆ ಗೊತ್ತಿರ್ಬಾರ್ದು. ಎಡಗಡೆ ಸಾಲು ನೋಡಿದ ತಕ್ಷಣ ಬಲಗಡೆದು ತಾನಾಗೇ ಬರ್ತಿತ್ತು.

ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಸಿಎ ಪರೀಕ್ಷೆ ಬರೆಯೋಕೆ ಇಂಗ್ಲಿಷ್ ಇಲ್ಲಾ ಹಿಂದಿ ಎರಡೇ ದಾರಿ, ಕನ್ನಡದಲ್ಲಿ ಬರೆಯೋ ಹಾಗಿಲ್ಲ. ಅದಕ್ಕೆ ಎಡಗಡೆ ಕಥೆ, ಯಾಕೆ ಏನು ಅನ್ನೋದೆಲ್ಲಾ ಕನ್ನಡದಲ್ಲೇ ಬರೀತಿದ್ದೆ, ಬಲಗಡೆ ಮಾತ್ರ ಸ್ಟ್ಯಾಂಡರ್ಡ್‌ನಲ್ಲಿರೋ ಇಂಗ್ಲಿಷ್ ಪದ ಹೆಂಗಿದ್ಯೋ ಹಂಗೇ. ಆಡಿಟ್ ಪೇಪರ್ ತಿದ್ದೋವ್ರು ಹುಡುಕೋದು ಆ ಪದಗಳನ್ನೇ, ನಮ್ಮ ಸ್ವಂತ ಇಂಗ್ಲಿಷ್‌ನಲ್ಲಿ ಎಷ್ಟೇ ಚೆನ್ನಾಗಿ ವಿವರಿಸಿದ್ರೂ ಮಾರ್ಕ್ಸ್ ಅಷ್ಟಕ್ಕಷ್ಟೇ ಅನ್ನೋದು ನನ್ನ ಅಭಿಪ್ರಾಯ. ಕನ್ನಡ ಮೀಡಿಯಂನಿಂದ ಬಂದೋವ್ರು ನಾಚ್ಕೊಂಡು ಎಲ್ಲಾ ಇಂಗ್ಲಿಷ್‌ನಲ್ಲೇ ಬರೀತಾರೆ, ಆಮೇಲೆ ತಾವೇ ಬರೆದಿದ್ದು ತಮಗೇ ಅರ್ಥ ಆಗಲ್ಲ. ಯಾರು ನೋಡ್ತಾರೆ ಸ್ವಾಮಿ ನಿಮ್ಮ ನೋಟ್‌ಬುಕ್ಕು?

ಫೈನಾನ್ಷಿಯಲ್ ರಿಪೋರ್ಟಿಂಗ್ ಮತ್ತೆ ಎಎಫ್‌ಎಂಗೆ (ಅಡ್ವಾನ್ಸ್ಡ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್) ನೋಟ್ಸ್ ಬದಲು ಒಂದು ಚಿಕ್ಕ ತಪ್ಪಿನ ಪುಸ್ತಕ ಇತ್ತು, ಜೇಬಲ್ಲಿ ಹಿಡಿಯೋ ಅಂಥದ್ದು. ಲೆಕ್ಕ ಮಾಡೋದು, ಉತ್ತರ ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲಿ ಜಾರಿದ್ದು ಅಂತ ಒಂದು ಸಾಲು ಬರೆಯೋದು. ಲೀಸ್ ಲೆಕ್ಕ ಹೇಗೆ ಬರೀಬೇಕು ಅನ್ನೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಇಂಡ್ ಎಎಸ್ 116ರ ಪುಟದಲ್ಲಿ ಮೊದಲ ಸಾಲೇ ಹೀಗಿತ್ತು, "ಬಾಡಿಗೆ ವರ್ಷದ ಶುರುವಲ್ಲೇ ಕೊಡೋದಾದ್ರೆ ಮೊದಲ ಕಂತು ಲೀಸ್ ಲಯಬಿಲಿಟಿಗೆ ಬರಲ್ಲ, ಸೀದಾ ರೈಟ್ ಆಫ್ ಯೂಸ್ ಅಸೆಟ್‌ಗೆ". ಲಯಬಿಲಿಟಿ ಅಂದ್ರೆ ಇನ್ನೂ ಕೊಡ್ಬೇಕಾದ ಸಾಲ, ರೈಟ್ ಆಫ್ ಯೂಸ್ ಅಸೆಟ್ ಅಂದ್ರೆ ಬಾಡಿಗೆಗೆ ತಗೊಂಡಿದ್ದನ್ನ ಬಳಸೋ ಹಕ್ಕು. ಹಣ ಕೊಟ್ಟಾಯ್ತು, ಇನ್ನೆಲ್ಲಿ ಸಾಲ ಉಳೀತು. ಇಂಥ ಸಾಲುಗಳೇ ಪುಸ್ತಕ ತುಂಬಾ. ಬಸ್ಸಲ್ಲಿ ನಿಂತ್ಕೊಂಡು ಓದೋಕೂ ಆಗ್ತಿತ್ತು, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಓದೋ ಟೈಮ್‌ಗಂತೂ ಬರ ಇಲ್ಲ.

ಟ್ಯಾಕ್ಸ್‌ಗೆ ಪೆನ್ಸಿಲ್ ಅಂದ್ನಲ್ಲ, ಅದು ತಮಾಷೆಗಲ್ಲ. ನಮ್ಮ ಅಟೆಂಪ್ಟ್‌ಗೆ ಅಸೆಸ್‌ಮೆಂಟ್ ಇಯರ್ 2025-26, ಅಂದ್ರೆ 2024-25ರಲ್ಲಿ ಬಂದ ಆದಾಯದ ಲೆಕ್ಕ. ಆ ವರ್ಷದ ಮಧ್ಯೆನೇ, 2024ರ ಜುಲೈ 23ರಿಂದ, ಕ್ಯಾಪಿಟಲ್ ಗೇನ್ಸ್ (ಶೇರು, ಆಸ್ತಿ ಮಾರಿದ ಲಾಭ) ಮೇಲಿನ ಟ್ಯಾಕ್ಸ್ ರೇಟ್ ಬದಲಾಯ್ತು. ಲಿಸ್ಟೆಡ್ ಶೇರ್‌ನ ಲಾಂಗ್ ಟರ್ಮ್ 10 ಪರ್ಸೆಂಟ್ ಇದ್ದಿದ್ದು 12.5, ಶಾರ್ಟ್ ಟರ್ಮ್ 15 ಇದ್ದಿದ್ದು 20, ಲಾಂಗ್ ಟರ್ಮ್ ವಿನಾಯಿತಿ ಮಾತ್ರ ಇಡೀ ವರ್ಷಕ್ಕೇ 1 ಲಕ್ಷ ಇದ್ದಿದ್ದು 1.25 ಲಕ್ಷ. ಅಂದ್ರೆ ಒಂದೇ ವರ್ಷದ ಲೆಕ್ಕದಲ್ಲಿ ಹಳೇ ರೇಟೂ ಬೇಕು ಹೊಸದೂ ಬೇಕು, ಮಾರಿದ ತಾರೀಖು ನೋಡಿ ಹಾಕ್ಬೇಕು. ಅದಕ್ಕೂ ಮುಂಚೆ ಪೆನ್ನಲ್ಲಿ ನೀಟಾಗಿ ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ದವರು ಮತ್ತೆ ಕೂತು ಬರೆದ್ರು. ನಾನು ಬಲಗಡೆ ಪುಟ ಖಾಲಿ ಬಿಟ್ಟಿದ್ದೆ, ಅಮೆಂಡ್‌ಮೆಂಟ್ ಬಂದಾಗ ಅಲ್ಲಿ ಬರೆದು ಎಡಗಡೆದು ಅಳಿಸ್ತಾ ಹೋದೆ.

ಸೀನಿಯರ್‌ದು ನೋಟ್ಸ್, ಟೆಲಿಗ್ರಾಂನಲ್ಲಿ ಓಡಾಡೋ ಪಿಡಿಎಫ್ ಇವೆಲ್ಲಾ ನಂಬಿದ್ರೆ ಇದೇ ಗತಿ. ಜಿಎಸ್‌ಟಿಯಲ್ಲಿ ಸೆಕ್ಷನ್ 16(4) ಪ್ರಕಾರ ಇನ್‌ಪುಟ್ ಕ್ರೆಡಿಟ್ (ಖರೀದಿ ಮೇಲೆ ಕೊಟ್ಟ ಟ್ಯಾಕ್ಸ್ ಹೊಂದಿಸ್ಕೊಳ್ಳೋದು) ತಗೊಳ್ಳೋಕೆ ಕಡೇ ದಿನ ಮೊದಲು ಸೆಪ್ಟೆಂಬರ್ ರಿಟರ್ನ್‌ನ ಡ್ಯೂ ಡೇಟ್ ಇತ್ತು, 2022ರಲ್ಲಿ ಅದನ್ನ ನವೆಂಬರ್ 30 ಮಾಡಿದ್ರು, ಇಲ್ಲಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದು. ನನಗೆ ಬಂದ ಒಂದು ಪಿಡಿಎಫ್‌ನಲ್ಲಿ ಇನ್ನೂ ಸೆಪ್ಟೆಂಬರೇ ಕೂತಿತ್ತು, ಅಷ್ಟು ಚೆಂದದ ಕೈಬರಹದಲ್ಲಿ.

ಅಟೆಂಪ್ಟ್ ಮಧ್ಯೆ ಒಂದು ಅನಿರೀಕ್ಷಿತ ಆಯ್ತು. ಗಡಿಯಲ್ಲಿ ಗಲಾಟೆ ಜೋರಾಗಿ ಮೇ 9ರಿಂದ 14ರವರೆಗೆ ಉಳಿದಿದ್ದ ಪೇಪರ್‌ಗಳನ್ನ ಮುಂದಕ್ಕೆ ಹಾಕಿದ್ರು. ನನಗೆ ಬಾಕಿ ಇದ್ದಿದ್ದು ಇನ್‌ಡೈರೆಕ್ಟ್ ಟ್ಯಾಕ್ಸ್ ಮತ್ತೆ ಕಡೇ ಪೇಪರ್. ಒಂದೂವರೆ ದಿನಕ್ಕೆ ಅಂತ ಮಾಡಿದ್ದ ನೋಟ್ಸ್ ಹಿಡ್ಕೊಂಡು ಅಷ್ಟು ದಿನ ಕೂತ್ರೆ ಏನಾಗತ್ತೆ, ಬಾಯಿಪಾಠ ಆಗಿ ಓದ್ತಿರೋದು ತಲೆಗೇ ಹೋಗಲ್ಲ. ಅದನ್ನ ಎತ್ತಿಟ್ಟು ಮತ್ತೆ ಪ್ರಶ್ನೆಗಳಿಗೆ ವಾಪಸ್ ಹೋದೆ, ಎಂಟಿಪಿ (ಐಸಿಎಐನ ಮಾಕ್ ಟೆಸ್ಟ್ ಪೇಪರ್) ಬರೆದೆ, ನೋಟ್ಸ್ ತೆಗೆದಿದ್ದು ಹೊಸ ತಾರೀಖಿನ ಹಿಂದಿನ ದಿನ.

ಕಡೇ ಪೇಪರ್, ಇಂಟಿಗ್ರೇಟೆಡ್ ಬಿಸಿನೆಸ್ ಸೊಲ್ಯೂಷನ್ಸ್, ಓಪನ್ ಬುಕ್, 4 ಗಂಟೆ. ಪುಸ್ತಕ ತಗೊಂಡು ಹೋಗ್ಬಹುದು ಅಂತ ಜನ ಟ್ರಾಲಿ ಬ್ಯಾಗ್ ತರ್ತಾರೆ, ಹಾಲ್‌ನಲ್ಲಿ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗತ್ತೆ. ಇಲ್ಲಿ ನಾನು ಬರೆದಿದ್ದು ಎರಡು ಹಾಳೆ ಇಂಡೆಕ್ಸ್ ಮಾತ್ರ, ಯಾವ ವಿಷಯ ಯಾವ ಪುಸ್ತಕದ ಎಷ್ಟನೇ ಪುಟ ಅಂತ, ಪುಸ್ತಕಗಳಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿದ್ದೆ.

ಈಗ ಚಿಕ್ಕಪ್ಪನ ಮಗಳು ಫೈನಲ್‌ಗೂ ಮುಂಚಿನ ಹಂತ ಇಂಟರ್ ಮುಗಿಸಿ "ಅಣ್ಣ ನಿನ್ನ ನೋಟ್ಸ್ ಎಲ್ಲಾ ಕೊಡೋ" ಅಂತ ಬೆನ್ನು ಬಿದ್ದಿದಾಳೆ. ಡೈರೆಕ್ಟ್ ಟ್ಯಾಕ್ಸ್‌ದು ಕೊಡಲ್ಲ ಅಂದೆ, 1961ರ ಕಾಯ್ದೆ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಇನ್‌ಕಮ್ ಟ್ಯಾಕ್ಸ್ ಆ್ಯಕ್ಟ್, ಸೆಕ್ಷನ್ ನಂಬರ್‌ಗಳೇ ಬೇರೆ, ಅವಳು ನನ್ನದನ್ನ ಓದಿದ್ರೆ ಓದಿದ್ದನ್ನ ಮರೆಯೋದೇ ಇನ್ನೊಂದು ಕೆಲಸ ಆಗತ್ತೆ. ತಪ್ಪಿನ ಪುಸ್ತಕನೂ ಬೇಡ, ಅದು ನನ್ನ ತಪ್ಪುಗಳು, ಅವಳದ್ದು ಬೇರೆ ಇರತ್ತೆ. ಆಡಿಟ್ ನೋಟ್‌ಬುಕ್ ಕೇಳಿದ್ಲು, ಎಡಗಡೆ ಭಾಗ ಮುಚ್ಚಿಟ್ಟು ಬಲಗಡೆದು ಮಾತ್ರ ಫೋಟೋ ತೆಗ್ಕೋ, ಎಡಗಡೆದು ನಿನ್ನ ಆಫೀಸ್‌ನ ಕಥೆ ನೀನೇ ಬರ್ಕೋ ಅಂದೆ. ಮುಖ ಊದಿಸ್ಕೊಂಡು ಹೋದ್ಲು.